ಚಿಲಾತ, ಕಿರಾತ, ಬೇಡ: ಜೈನಗ್ರಂಥಗಳ ಕೆಲವು ಜನವಾಚಕ ಶಬ್ದಗಳು

ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯು ನಾರದಮುನಿಯ ಗುಡಿಯಿಂದ ಹೆಸರಾದ ಊರು. ವೈದಿಕ ಪುರಾಣಗಳಲ್ಲಿ ನಾರದನು ದೇವರ್ಷಿ. ತಿಲೋಯಪಣ್ಣತ್ತಿಯಲ್ಲಿ ನಾರದರು ಒಬ್ಬರಲ್ಲ, ಒಂಬತ್ತು ಮಂದಿ, ಕಲಹಪ್ರಿಯರು. ಶ್ವೇತಾಂಬರ ಪರಂಪರೆಯ ಇಸಿಭಾಸಿಯಾಇಂ ಗ್ರಂಥದಲ್ಲಾದರೋ ಮೊದಲನೆಯ ಅಧ್ಯಯನವೇ ದೇವನಾರದನೆಂಬ ಅರ್ಹದೃಷಿಯದು. ಒಂದೇ ಹೆಸರು ಒಂದು ಕಡೆ ಪೂಜ್ಯ, ಒಂದು ಕಡೆ ನಿಂದ್ಯ. ವ್ಯಕ್ತಿನಾಮಕ್ಕೇ ಈ ಗತಿಯಾದರೆ ಜನಸಮುದಾಯಗಳನ್ನು ಸೂಚಿಸುವ ಶಬ್ದಗಳ ವಿಷಯದಲ್ಲಿ ಸಂಪಾದಕನಾದವನು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮ್ಲೇಚ್ಛ, ಕಿರಾತ, ಶಬರ, ಪುಳಿಂದ, ಭಿಲ್ಲ, ವ್ಯಾಧ, ಬೇಡ – ಈ ಶಬ್ದಗಳು ನಮ್ಮ ಪುರಾಣ, ಕಥಾಕೋಶ, ಸಿದ್ಧಾಂತಗ್ರಂಥಗಳಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತವೆ. ಇವುಗಳಿಗೆ ಅರ್ಥಕೋಶ ಸಿದ್ಧಪಡಿಸುವಾಗ ಒಂದನ್ನು ಇನ್ನೊಂದರಿಂದ ವಿವರಿಸುವುದು, ಕೊನೆಗೆ ಎಲ್ಲವನ್ನೂ ‘ಒಂದು ಕಾಡುಜಾತಿ’ ಎಂದೋ, ಈಗ ನಮ್ಮ ನೆರೆಯಲ್ಲಿ ಬಾಳುತ್ತಿರುವ ಒಂದು ಸಮುದಾಯದ ಹೆಸರಿನಿಂದಲೋ ಮುಗಿಸುವುದು ರೂಢಿಯಾಗಿದೆ. ಚಿಗಟೇರಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರುಗಳ ಸೀಮೆಯಲ್ಲಿ ಈ ರೂಢಿ ಬರಿಯ ಕೋಶದ ದೋಷವಲ್ಲ. ಬೇಡನಾಯಕರು ಅರಸರಾಗಿ ಆಳಿದ, ಇಂದಿಗೂ ಬಹುಸಂಖ್ಯೆಯಲ್ಲಿ ಬಾಳುತ್ತಿರುವ ನಾಡು ಇದು. ಹತ್ತನೆಯ ಶತಮಾನದ ಕಥೆಯೊಂದರ ಕ್ರೂರಿಯನ್ನು ಅವರ ಹೆಸರಿನಿಂದ ನಾವು ವಿವರಿಸಿದರೆ ಗ್ರಂಥಕ್ಕೂ ಅನ್ಯಾಯ, ಜನರಿಗೂ ಅನ್ಯಾಯ. ಈ ಶಬ್ದಗಳು ನಮ್ಮ ಆಚಾರ್ಯರಲ್ಲಿ ಯಾವ ಅರ್ಥದಲ್ಲಿ ನಿಂತಿವೆ, ಅವು ಹೇಗೆ ಚಲಿಸಿವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧

ಮೊದಲಿಗೆ ಸಿದ್ಧಾಂತ. ಮನುಷ್ಯರು ಆರ್ಯರೆಂದೂ ಮ್ಲೇಚ್ಛರೆಂದೂ ಎರಡು ತೆರನೆಂದು ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯ ಹೇಳುತ್ತದೆ. ಇದಕ್ಕೆ ವ್ಯಾಖ್ಯಾನವನ್ನು ಬರೆಯುತ್ತ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಮ್ಲೇಚ್ಛರನ್ನು ಅಂತರ್ದ್ವೀಪಜರು, ಕರ್ಮಭೂಮಿಜರು ಎಂದು ವಿಭಾಗಿಸಿ, ಎರಡನೆಯ ಗುಂಪಿಗೆ ಶಕ, ಯವನ, ಶಬರ, ಪುಳಿಂದ ಮೊದಲಾದವರನ್ನು ಉದಾಹರಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶ ಎರಡು. ಒಂದು, ನಗರಗಳನ್ನು ಕಟ್ಟಿ ನಾಣ್ಯಗಳನ್ನು ಹೊಡೆಸಿದ ಶಕಯವನರೂ ಕಾಡಿನ ಶಬರಪುಳಿಂದರೂ ಒಂದೇ ಪಟ್ಟಿಯಲ್ಲಿದ್ದಾರೆ. ಆದುದರಿಂದ ಮ್ಲೇಚ್ಛ ಶಬ್ದಕ್ಕೆ ‘ಕಾಡಿನವ’ ಎಂಬ ಅರ್ಥ ಸಲ್ಲದು. ‘ಹಿಂದುಳಿದವ’ ಎಂಬುದೂ ಸಲ್ಲದು. ಎರಡು, ಇದಕ್ಕೆ ಎದುರಾದ ಆರ್ಯ ಶಬ್ದವನ್ನು ಆಚಾರ್ಯರು ಕೇವಲ ಹುಟ್ಟಿಗೆ ಕಟ್ಟಿಹಾಕಿಲ್ಲ. ಕ್ಷೇತ್ರಾರ್ಯ, ಜಾತ್ಯಾರ್ಯ, ಕರ್ಮಾರ್ಯರ ಜೊತೆಗೆ ಚಾರಿತ್ರಾರ್ಯ, ದರ್ಶನಾರ್ಯ ಎಂಬ ಭೇದಗಳನ್ನೂ ಅವರು ಹೇಳಿದ್ದಾರೆ. ನಡತೆಯಿಂದಲೂ ಶ್ರದ್ಧೆಯಿಂದಲೂ ಆರ್ಯತ್ವ ಬರುವುದಾದರೆ ಅದರ ಎದುರು ಶಬ್ದ ಜನ್ಮಕ್ಕೆ ಮಾತ್ರ ಅಂಟಿಕೊಂಡಿರಲಾರದು.

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಈ ವಿಚಾರ ಇನ್ನಷ್ಟು ಸ್ಪಷ್ಟವಾಗಿದೆ. ಭರತನ ದಿಗ್ವಿಜಯ ಪ್ರಕರಣದಲ್ಲಿ ಅವರು ಮ್ಲೇಚ್ಛಖಂಡದ ಜನರ ಲಕ್ಷಣವನ್ನು ಹೇಳುವಾಗ, ಧರ್ಮಕರ್ಮಗಳಿಂದ ಹೊರಗಿರುವುದರಿಂದ ಮಾತ್ರ ಇವರು ಮ್ಲೇಚ್ಛರು, ಉಳಿದ ಆಚಾರಗಳಲ್ಲಿ ಆರ್ಯಾವರ್ತದವರಿಗೆ ಸಮಾನರೇ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದಾರೆ. ಅದೇ ಗ್ರಂಥದಲ್ಲಿ ಮುಂದೆ ಭರತನು ರಾಜಧರ್ಮವನ್ನು ಬೋಧಿಸುವಾಗ ‘ಅಕ್ಷರಮ್ಲೇಚ್ಛ’ ಎಂಬ ಅಪೂರ್ವ ಶಬ್ದ ಬರುತ್ತದೆ. ಹಿಂಸೆಯನ್ನು ವಿಧಿಸುವ ಶಾಸ್ತ್ರವನ್ನು ಓದಿ, ಆ ಅಕ್ಷರದ ಬಲದಿಂದ ಜೀವಿಸುವವರಿಗೆ ಆಚಾರ್ಯರು ಕೊಟ್ಟ ಹೆಸರು ಇದು. ಅಕ್ಷರವಿಲ್ಲದವನು ಮ್ಲೇಚ್ಛ ಎಂಬ ಲೋಕದ ಎಣಿಕೆ ಇಲ್ಲಿ ತಲೆಕೆಳಗಾಗಿದೆ. ರವಿಷೇಣರ ಪದ್ಮಪುರಾಣದಲ್ಲಿ ವಿಂಧ್ಯದ ಮ್ಲೇಚ್ಛಾಧಿಪನಾದ ರೌದ್ರಭೂತಿಯು ಮೂಲತಃ ಕೌಶಾಂಬಿಯ ಬ್ರಾಹ್ಮಣನೊಬ್ಬನ ಮಗ. ದುರ್ವ್ಯಸನದಿಂದ ಊರು ಬಿಟ್ಟು ಕಾಡಿಗೆ ಬಂದವನು. ಮ್ಲೇಚ್ಛನಾಗುವುದು ಸಾಧ್ಯವಾದಂತೆ ಮ್ಲೇಚ್ಛತ್ವದಿಂದ ಹೊರಬರುವುದೂ ಸಾಧ್ಯ.

ಹೊರಬಂದವನಿಗೆ ಮುನಿಪದವಿ ದೊರೆಯುವುದೇ ಎಂಬ ಪ್ರಶ್ನೆಯನ್ನು ಕ್ರಿ.ಶ. ೮೩೭ರಲ್ಲಿ ಮುಗಿದ ಜಯಧವಲಾ ಟೀಕೆ ನೇರವಾಗಿ ಎತ್ತಿಕೊಂಡಿದೆ. ಯತಿವೃಷಭರ ಚೂರ್ಣಿಸೂತ್ರದಲ್ಲಿ ಅಕರ್ಮಭೂಮಿಜರಿಗೂ ಸಂಯಮಸ್ಥಾನಗಳನ್ನು ಹೇಳಿರುವುದು ಹೇಗೆ ಹೊಂದುತ್ತದೆ ಎಂಬುದು ಶಂಕೆ. ದಿಗ್ವಿಜಯಕಾಲದಲ್ಲಿ ಚಕ್ರವರ್ತಿಯ ಕಟಕದೊಡನೆ ಮಧ್ಯಮಖಂಡಕ್ಕೆ ಬಂದು, ಚಕ್ರವರ್ತಿ ಮೊದಲಾದವರೊಡನೆ ವಿವಾಹಸಂಬಂಧ ಬೆಳೆಸಿದ ಮ್ಲೇಚ್ಛರಾಜರಿಗೆ ಸಂಯಮಪ್ರಾಪ್ತಿಯಲ್ಲಿ ವಿರೋಧವಿಲ್ಲ ಎಂಬುದು ಸಮಾಧಾನ. ಅವರ ಕನ್ಯೆಯರಲ್ಲಿ ಹುಟ್ಟಿದವರು ತಾಯಿಯ ಪಕ್ಷದಿಂದ ಮ್ಲೇಚ್ಛರೆನಿಸಿಕೊಳ್ಳುತ್ತಾರೆ ಎಂಬ ಇನ್ನೊಂದು ವಿವರಣೆಯೂ ಅಲ್ಲಿದೆ. ಮೂಡುಬಿದಿರೆಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಮುಚ್ಚಿಟ್ಟ ಸಿದ್ಧಾಂತಗ್ರಂಥದ ಒಳಗೆ ಈ ಬಾಗಿಲು ತೆರೆದೇ ಇತ್ತು.

ಪಟ್ಟಿಗಳ ವಿಷಯದಲ್ಲಿ ಇನ್ನೊಂದು ಮಾತು. ಶ್ವೇತಾಂಬರರ ಪಣ್ಣವಣಾ ಉಪಾಂಗದ ‘ಮಿಲಕ್ಖು’ ಪಟ್ಟಿಯಲ್ಲಿ ಸಗ, ಜವಣ, ಚಿಲಾಯ, ಸಬರ, ಪುಲಿಂದರೊಡನೆ ‘ದಮಿಲ’ ಎಂಬ ಹೆಸರೂ ಇದೆ. ದಮಿಲವೆಂದರೆ ದ್ರಾವಿಡ. ಬಳ್ಳಾರಿ ಸೀಮೆಗೆ ಹತ್ತಿರದ ಕೊನಕೊಂಡ್ಲದೊಡನೆ ವಿದ್ವಾಂಸರು ಕುಂದಕುಂದಾಚಾರ್ಯರ ಹೆಸರನ್ನು ಜೋಡಿಸಿದ್ದಾರೆ. ಸಮಂತಭದ್ರರೂ ದಕ್ಷಿಣದವರೇ. ಉತ್ತರದ ಒಂದು ಪಟ್ಟಿಯ ಪ್ರಕಾರ ಈ ಮಹಾಮುನಿಗಳ ನಾಡೇ ಮ್ಲೇಚ್ಛನಾಡು. ಪಟ್ಟಿ ಮಾಡಿದವನು ಎಲ್ಲಿ ನಿಂತು ನೋಡಿದನೆಂಬುದನ್ನು ಬಿಟ್ಟು ಇಂತಹ ಶಬ್ದಗಳಿಗೆ ಅರ್ಥವಿಲ್ಲ.

೨

ಇನ್ನು ಬಿಡಿ ಶಬ್ದಗಳನ್ನು ನೋಡಬಹುದು. ಸಂಸ್ಕೃತದ ಕಿರಾತವು ಪ್ರಾಕೃತದಲ್ಲಿ ಕಕಾರಕ್ಕೆ ಚಕಾರ ಬಂದು ಚಿಲಾಯ, ಚಿಲಾದ, ಚಿಲಾತ ಎಂದಾಗುತ್ತದೆ. ವರರುಚಿಯೂ ಹೇಮಚಂದ್ರಾಚಾರ್ಯರೂ ಈ ಒಂದು ಶಬ್ದಕ್ಕಾಗಿಯೇ ಸೂತ್ರವನ್ನು ಮಾಡಿದ್ದಾರೆ. ಹೇಮಚಂದ್ರರು ಅಲ್ಲಿ ಸೇರಿಸಿರುವ ಒಂದು ನಿಯಮ ಅರ್ಥವಿಚಾರಕ್ಕೆ ಬಹಳ ಉಪಯುಕ್ತವಾದುದು. ಪುಳಿಂದ ಎಂಬ ಅರ್ಥದಲ್ಲಿ ಮಾತ್ರ ಈ ಚಕಾರ. ಕಿರಾತವೇಷವನ್ನು ತಾಳಿದ ಶಿವನನ್ನು ಹೇಳುವಾಗ ಕಕಾರವೇ ಉಳಿಯಬೇಕು. ಒಂದೇ ಮೂಲಶಬ್ದ ಕಾಡಿನ ಮನುಷ್ಯನಿಗೆ ಬಂದಾಗ ಒಂದು ರೂಪ, ದೇವರಿಗೆ ಬಂದಾಗ ಇನ್ನೊಂದು ರೂಪ. ಅರ್ಥಭೇದವನ್ನು ಧ್ವನಿಭೇದದಿಂದ ಕಾಪಾಡಿಕೊಂಡ ಈ ದೃಷ್ಟಾಂತವನ್ನು ನಮ್ಮ ಕೋಶಕಾರರು ನೆನಪಿನಲ್ಲಿಡಬೇಕು.

ಚಿಲಾತ ರೂಪಕ್ಕೆ ಆಗಮ ಮತ್ತು ಪುರಾಣಗಳಲ್ಲಿ ಕಡಮೆ ಎಂದರೆ ಮೂರು ಅರ್ಥಗಳು ಕಾಣುತ್ತವೆ. ಆದಿಪುರಾಣದಲ್ಲಿ ಚಿಲಾತನು ಉತ್ತರದ ಮ್ಲೇಚ್ಛಖಂಡದ ಒಬ್ಬ ರಾಜ. ಆವರ್ತನೆಂಬ ಇನ್ನೊಬ್ಬನೊಡನೆ ಸೇರಿ ಭರತಚಕ್ರಿಯ ಸೇನೆಯನ್ನು ತಡೆದವನು. ಓವವಾಇಯ ಮೊದಲಾದ ಗ್ರಂಥಗಳ ಅಂತಃಪುರವರ್ಣನೆಯಲ್ಲಿ ‘ಚಿಲಾಈ’ ಎಂದರೆ ದೂರದೇಶದಿಂದ ತಂದ ದಾಸಿ. ಬಬ್ಬರಿ, ದಮಿಲಿ, ಸಿಂಹಲಿ, ಪುಲಿಂದಿ, ಸಬರಿಯರ ಸಾಲಿನಲ್ಲಿ ಅವಳು ನಿಲ್ಲುತ್ತಾಳೆ. ಜ್ಞಾತಾಧರ್ಮಕಥೆಯ ಹದಿನೆಂಟನೆಯ ಅಧ್ಯಯನದಲ್ಲಿ ಚಿಲಾತನು ರಾಜಗೃಹದ ಶ್ರೇಷ್ಠಿಯ ಮನೆಯ ಆಳು. ಅಲ್ಲಿಂದ ಹೊರದೂಡಲ್ಪಟ್ಟು ಕಳ್ಳರ ಪಲ್ಲಿಗೆ ಒಡೆಯನಾಗುವವನು. ಹೀಗೆ ಜನದ ಹೆಸರು ರಾಜನ ಹೆಸರಾಗಿ, ದಾಸಿಯ ವರ್ಗನಾಮವಾಗಿ, ಆಳಿನ ಹೆಸರಾಗಿ ಇಳಿದುಬಂದಿದೆ. ಇಳಿದದ್ದು ಶಬ್ದವಲ್ಲ, ಸೋತ ಜನರ ಪಾಡು ಶಬ್ದದಲ್ಲಿ ಅಚ್ಚೊತ್ತಿದೆ.

ಕನ್ನಡದ ಓದುಗರಿಗೆ ಈ ಹೆಸರು ವಡ್ಡಾರಾಧನೆಯ ಚಿಲಾತಪುತ್ರನ ಕಥೆಯಿಂದ ಪರಿಚಿತ. ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಈ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದರು. ಇದೇ ಕಥೆಯ ಸಂಸ್ಕೃತರೂಪ ಹರಿಷೇಣನ ಬೃಹತ್ಕಥಾಕೋಶದಲ್ಲಿದೆ, ಅದನ್ನು ಆ. ನೇ. ಉಪಾಧ್ಯೆಯವರು ೧೯೪೩ರಲ್ಲಿ ಸಂಪಾದಿಸಿದರು. ಈ ಪರಂಪರೆಯಲ್ಲಿ ಚಿಲಾತಪುತ್ರನು ಆಳಲ್ಲ, ಅರಸುಮಗ. ಮಗಧದ ರಾಜನು ಕಾಡಿನಲ್ಲಿ ದಾರಿತಪ್ಪಿ ಪಲ್ಲಿಯೊಂದನ್ನು ಸೇರಿ, ಅದರ ಒಡೆಯನ ಮಗಳನ್ನು ಮದುವೆಯಾಗಿ ಪಡೆದ ಮಗ. ಶ್ರೇಣಿಕ ಮಹಾರಾಜನ ಮಲತಮ್ಮ. ರಾಜ್ಯವನ್ನು ಪಡೆದು ಕಳೆದುಕೊಂಡು, ಕೊಲೆಯ ಪಾಪವನ್ನೂ ಹೊತ್ತು, ಕೊನೆಗೆ ಮುನಿಯ ಬಳಿ ದೀಕ್ಷೆ ಪಡೆಯುತ್ತಾನೆ. ಇರುವೆಗಳು ಮೈಯನ್ನು ಜರಡಿಯಂತೆ ತೂತುಮಾಡಿದರೂ ಕದಲದೆ ಉತ್ತಮಾರ್ಥವನ್ನು ಸಾಧಿಸಿದನೆಂದು ಭಗವತೀ ಆರಾಧನೆ ಅವನನ್ನು ಸ್ಮರಿಸುತ್ತದೆ. ಸಲ್ಲೇಖನೆಯನ್ನು ಕೈಗೊಂಡ ಕ್ಷಪಕನಿಗೆ ಧೈರ್ಯ ಹೇಳುವಾಗ ಸುಕುಮಾರಸ್ವಾಮಿಯ ಹೆಸರಿನ ಜೊತೆಯಲ್ಲಿಯೇ ಈ ಕಿರಾತಿಯ ಮಗನ ಹೆಸರೂ ಬರುತ್ತದೆ. ಎರಡು ಪರಂಪರೆಗಳಲ್ಲಿ ಕಥೆ ಬೇರೆ, ಕುಲ ಬೇರೆ. ಹೆಸರು ಮಾತ್ರ ಒಂದು. ಹೆಸರಿನಿಂದ ಕುಲವನ್ನು ಊಹಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಡ.

ಇಲ್ಲಿ ಬಂದ ‘ಪಲ್ಲಿ’ ಶಬ್ದವನ್ನೂ ಗಮನಿಸಬೇಕು. ಪ್ರಾಕೃತಕಥೆಗಳಲ್ಲಿ ಪಲ್ಲಿಯೆಂದರೆ ಕಾಡುಜನರ, ಕಳ್ಳರ ನೆಲೆ. ತಮಿಳಿನಲ್ಲಿ ಪಳ್ಳಿಯೆಂದರೆ ಜೈನ ಬೌದ್ಧ ಮುನಿಗಳ ವಸತಿ. ಕನ್ನಡದಲ್ಲಿ ಅದು ಹಳ್ಳಿಯಾಗಿ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಹೆಸರಿನಲ್ಲಿ ನಿಂತಿದೆ. ಒಂದೇ ಶಬ್ದ ಕಳ್ಳರ ಬೀಡೂ ಆಗಿದೆ, ಮುನಿಗಳ ಬೀಡೂ ಆಗಿದೆ, ನಮ್ಮ ನಿಮ್ಮ ಊರೂ ಆಗಿದೆ.

೩

ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಲೋಕಸೇನನು ಶಕ ೮೨೦ರಲ್ಲಿ, ಎಂದರೆ ಕ್ರಿ.ಶ. ೮೯೮ರಲ್ಲಿ, ಬಂಕಾಪುರದಲ್ಲಿ ಪೂಜೆ ನಡೆದುದನ್ನು ಪ್ರಶಸ್ತಿಯಲ್ಲಿ ಹೇಳಿದ್ದಾನೆ. ಬಂಕಾಪುರವು ಹಡಗಲಿಯ ಎದುರಿಗೆ, ತುಂಗಭದ್ರೆಯ ಆಚೆಯ ನಾಡಿನಲ್ಲಿದೆ. ಹೀಗೆ ನಮ್ಮ ಸೀಮೆಯ ನೆರೆಯಲ್ಲಿಯೇ ಪೂಜೆಗೊಂಡ ಈ ಗ್ರಂಥದ ಎಪ್ಪತ್ತನಾಲ್ಕನೆಯ ಪರ್ವದಲ್ಲಿ ಕಾಡಿನ ಇಬ್ಬರು ನಾಯಕರ ಕಥೆಗಳಿವೆ.

ಮೊದಲನೆಯವನು ಪುರೂರವ. ಪುಷ್ಕಲಾವತೀ ವಿಷಯದ ಕಾಡಿನಲ್ಲಿ ದಾರಿತಪ್ಪಿದ ಸಾಗರಸೇನ ಮುನಿಯನ್ನು ಮೃಗವೆಂದು ಭ್ರಮಿಸಿ ಬಾಣ ಹೂಡಿದ ಅವನನ್ನು ಹೆಂಡತಿ ಕಾಳಿಕೆ ತಡೆಯುತ್ತಾಳೆ. ಮುನಿಯ ಮಾತನ್ನು ಕೇಳಿ ಅವನು ಮದ್ಯ, ಮಾಂಸ, ಮಧುಗಳನ್ನು ತೊರೆಯುತ್ತಾನೆ. ಈ ಜೀವವೇ ಮುಂದೆ ಭರತನ ಮಗ ಮರೀಚಿಯಾಗಿ, ಅನೇಕ ಭವಗಳ ತರುವಾಯ ವರ್ಧಮಾನಸ್ವಾಮಿಯಾಗುತ್ತದೆ. ಎರಡನೆಯವನು ವಿಂಧ್ಯದ ಖದಿರಸಾರ. ಸಮಾಧಿಗುಪ್ತ ಮುನಿಯಿಂದ ಕಾಗೆಯ ಮಾಂಸವನ್ನು ಬಿಡುವ ಒಂದೇ ಒಂದು ವ್ರತವನ್ನು ಪಡೆದು, ಅದೇ ಮಾಂಸ ಔಷಧವೆಂದು ವೈದ್ಯರು ಹೇಳಿದಾಗಲೂ ಪ್ರಾಣಕ್ಕಿಂತ ವ್ರತವೇ ಹೆಚ್ಚೆಂದು ಉಳಿಸಿಕೊಂಡವನು. ಅವನೇ ಮುಂದೆ ಶ್ರೇಣಿಕ. ಬರುವ ಉತ್ಸರ್ಪಿಣಿಯ ಮೊದಲ ತೀರ್ಥಂಕರ. ಈ ಕಾಲದ ಕೊನೆಯ ತೀರ್ಥಂಕರನ ಜೀವವೂ ಮುಂದಿನ ಕಾಲದ ಮೊದಲ ತೀರ್ಥಂಕರನ ಜೀವವೂ ಧರ್ಮದ ಮೊದಲ ಮೆಟ್ಟಿಲನ್ನು ಹತ್ತಿದ್ದು ಕಾಡಿನ ಮನುಷ್ಯರಾಗಿದ್ದಾಗ ಎಂಬುದನ್ನು ನಾವು ಪ್ರವಚನಗಳಲ್ಲಿ ಹೇಳುತ್ತೇವೆ, ಕೋಶಗಳಲ್ಲಿ ಮರೆಯುತ್ತೇವೆ.

ಶಬ್ದದ ದೃಷ್ಟಿಯಿಂದ ಮುಖ್ಯವಾದ ಸಂಗತಿ ಇದು. ಗುಣಭದ್ರರು ಪುರೂರವನನ್ನು ವ್ಯಾಧಾಧಿಪನೆಂದು ಕರೆಯುತ್ತಾರೆ, ಖದಿರಸಾರನನ್ನು ಕಿರಾತನೆಂದು. ವ್ಯಾಧವು ವೃತ್ತಿವಾಚಕ: ಮೃಗಗಳನ್ನು ಚುಚ್ಚಿ ಕೊಲ್ಲುವವನು. ಕಿರಾತವು ಜನವಾಚಕ. ಇಂದು ಪ್ರಚಾರದಲ್ಲಿರುವ ಹಿಂದೀ ಕಥನಗಳಲ್ಲಿ ಪುರೂರವನು ‘ಭೀಲರಾಜ’ನಾಗಿದ್ದಾನೆ, ಕನ್ನಡದಲ್ಲಿ ಇಬ್ಬರನ್ನೂ ‘ಬೇಡ’ ಎಂದುಬಿಡುವುದು ವಾಡಿಕೆ. ಮಧ್ಯಭಾರತದ ಲೇಖಕನಿಗೆ ಕಾಡಿನವನೆಂದರೆ ತನ್ನ ನೆರೆಯ ಭೀಲ. ಬಳ್ಳಾರಿಯ ಲೇಖಕನಿಗೆ ತನ್ನ ನೆರೆಯ ಬೇಡ. ಹೀಗೆ ವಿದೇಹಕ್ಷೇತ್ರದ ಒಬ್ಬ ಬೇಟೆಗಾರನು ಭಾರತದ ಎರಡು ಜೀವಂತ ಸಮುದಾಯಗಳ ಪೂರ್ವಜನಾಗಿಬಿಟ್ಟಿದ್ದಾನೆ. ವೃತ್ತಿಯನ್ನು ಬಿಟ್ಟುದರಿಂದಲೇ ಪುರೂರವನ ಕಥೆಗೆ ಅರ್ಥ. ಬಿಡಬಹುದಾದ ವೃತ್ತಿಯನ್ನು ಬಿಡಲಾಗದ ಜಾತಿಯನ್ನಾಗಿ ಭಾಷಾಂತರಿಸಿದರೆ ಕಥೆಯ ಜೀವವೇ ಹೋಗುತ್ತದೆ.

೪

ಈ ಶಬ್ದಗಳು ಪರಸ್ಪರ ಬೆರೆತುಹೋಗಲು ಕೋಶಗಳೂ ಕಾರಣ. ಅಮರಸಿಂಹನು ಕಿರಾತ, ಶಬರ, ಪುಳಿಂದರನ್ನು ಮ್ಲೇಚ್ಛಜಾತಿಗಳೆಂದು ಒಟ್ಟಿಗೆ ಹೇಳಿದನು. ಹೇಮಚಂದ್ರರ ಅಭಿಧಾನಚಿಂತಾಮಣಿಯಲ್ಲಿ ಈ ಪಟ್ಟಿ ಭಿಲ್ಲ, ನಾಹಲ ಮೊದಲಾದವರನ್ನು ಸೇರಿಸಿಕೊಂಡು ಒಂಬತ್ತಕ್ಕೆ ಏರಿದೆ. ಕೋಶಕಾರರು ಹೇಳಿದ್ದು ‘ಇವು ಒಂದು ವರ್ಗದ ಬೇರೆ ಬೇರೆ ಭೇದಗಳು’ ಎಂದು. ಓದಿದವರು ತಿಳಿದದ್ದು ‘ಇವು ಪರ್ಯಾಯಪದಗಳು’ ಎಂದು. ಭಿಲ್ಲ ಶಬ್ದವಾದರೋ ದ್ರಾವಿಡದ ಬಿಲ್ಲು ಶಬ್ದದಿಂದ ಬಂದಿರಬಹುದೆಂದು ಭಾಷಾವಿದರು ಅಭಿಪ್ರಾಯಪಟ್ಟಿದ್ದಾರೆ. ಹಾಗಿದ್ದಲ್ಲಿ ಅದೂ ಮೊದಲು ಆಯುಧದಿಂದ ಬಂದ ಹೆಸರು.

ಎರಡನೆಯ ಕಾರಣ ಛಂದಸ್ಸು. ಇದನ್ನು ಹಸ್ತಪ್ರತಿಗಳೊಡನೆ ವ್ಯವಹರಿಸುವವರು ವಿಶೇಷವಾಗಿ ಗಮನಿಸಬೇಕು. ಕಿರಾತ, ಪುಳಿಂದ – ಈ ಎರಡೂ ಲಘು, ಗುರು, ಲಘು. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ವೃತ್ತ ಕೆಡುವುದಿಲ್ಲ. ಬೇಡ, ವ್ಯಾಧ, ಭಿಲ್ಲ ಇವು ಗುರು, ಲಘು. ವ್ಯಾಧದಲ್ಲಿ ಮಾತ್ರ ಆದಿಯ ಒತ್ತಕ್ಷರದಿಂದ ಹಿಂದಿನ ಅಕ್ಷರ ಗುರುವಾಗಬಹುದು. ಶಬರ ಮೂರೂ ಲಘು. ಕನ್ನಡಕವಿಗೆ ಇದರ ಮೇಲೆ ದ್ವಿತೀಯಾಕ್ಷರಪ್ರಾಸದ ಕಟ್ಟೂ ಇದೆ. ಪಾದದ ಆದಿಯಲ್ಲಿ ಈ ಪದವನ್ನಿಡಬೇಕಾದರೆ ಡಕಾರಪ್ರಾಸಕ್ಕೆ ಬೇಡನೇ ಬರಬೇಕು, ರಕಾರಕ್ಕೆ ಕಿರಾತ, ಳಕಾರಕ್ಕೆ ಪುಳಿಂದ, ಬಕಾರಕ್ಕೆ ಶಬರ. ಆದುದರಿಂದ ಚಂಪುಕಾವ್ಯವೊಂದರಲ್ಲಿ ಒಬ್ಬನೇ ಪಾತ್ರವನ್ನು ಒಂದು ಪದ್ಯದಲ್ಲಿ ಶಬರನೆಂದೂ ಇನ್ನೊಂದರಲ್ಲಿ ಕಿರಾತನೆಂದೂ ಕರೆದಿದ್ದರೆ ಅದು ಕವಿಯ ಜನಾಂಗಜ್ಞಾನವಲ್ಲ, ಪ್ರಾಸದ ಅಗತ್ಯ. ಛಂದಸ್ಸಿನ ಕಟ್ಟು ಇಲ್ಲದ ವಡ್ಡಾರಾಧನೆ, ಚಾವುಂಡರಾಯಪುರಾಣಗಳಂತಹ ಗದ್ಯದ ಪ್ರಯೋಗಕ್ಕೆ ಅರ್ಥನಿರ್ಣಯದಲ್ಲಿ ಹೆಚ್ಚಿನ ಬೆಲೆ ಕೊಡಬೇಕೆಂಬುದು ಇದರಿಂದ ಸಿದ್ಧಿಸುತ್ತದೆ. ಪ್ರತಿಗಳ ನಡುವೆ ಕಿರಾತ, ಪುಳಿಂದ ಎಂಬ ಪಾಠಾಂತರ ಕಂಡಾಗ ಛಂದಸ್ಸು ಸಾಕ್ಷಿಯಾಗಿ ನಿಲ್ಲದು. ಎರಡನ್ನೂ ದಾಖಲಿಸುವುದೇ ಕ್ಷೇಮ.

೫

ಬೇಡ ಶಬ್ದ ಕನ್ನಡದ್ದೇ. ಇದನ್ನು ಸಂಸ್ಕೃತದ ವ್ಯಾಧದ ತದ್ಭವವೆಂದು ಹೇಳುವವರುಂಟು. ಆದರೆ ಬೇಂಟೆ, ಬೇಟೆ, ತಮಿಳಿನ ವೇಟ್ಟಂ, ವೇಡನ್ ಇವುಗಳ ಬಳಗದಲ್ಲಿ ಅದನ್ನಿಟ್ಟು ನೋಡಿದರೆ ದ್ರಾವಿಡಮೂಲವೆಂಬುದು ಸ್ಪಷ್ಟಪಡುತ್ತದೆ. ಬರೊ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿಕೋಶವೂ ಹಾಗೆಯೇ ವಿಂಗಡಿಸಿದೆ. ಮೊದಲು ಬೇಟೆಯಾಡುವವನು; ಬಳಿಕ ಬಿಲ್ಲು ಹಿಡಿದ ಕಾಲಾಳು; ಬಳಿಕ ಒಂದು ಕುಲ; ಈ ಸೀಮೆಯಲ್ಲಿ ಕೊನೆಗೆ ಅರಸ. ವೀರಗಲ್ಲುಗಳಲ್ಲಿ ಬೇಡರು ತುರುಗಳನ್ನು ಕವರಿದವರಾಗಿ ಕಾಣಿಸಿಕೊಳ್ಳುತ್ತಾರೆ. ಬರೆಸಿದವರು ತುರುಗಳನ್ನು ಕಳೆದುಕೊಂಡ ಊರಿನವರು ಎಂಬುದನ್ನು ಮರೆಯಬಾರದು.

ಇದೇ 'ನಾಡು' ಒಂದು ಕಾಲಕ್ಕೆ ಜಿನಧರ್ಮದ ನೆಲೆಯೂ ಆಗಿತ್ತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಬಸದಿಯನ್ನು ಗಂಗದೊರೆ ದುರ್ವಿನೀತನು ಮಾಡಿಸಿದನೆಂದೂ ಅದಕ್ಕೆ ಇಂದ್ರಕೀರ್ತಿ ಮುನಿಯು ದಾನ ಕೊಟ್ಟನೆಂದೂ ತ್ರೈಲೋಕ್ಯಮಲ್ಲನ ಕಾಲದ, ಕ್ರಿ.ಶ. ೧೦೫೫ರ ಶಾಸನ ಹೇಳುತ್ತದೆ. ಮುಂದೆ ವಿಜಯನಗರದ ಕಾಲದಲ್ಲಿಯೂ ಅದರ ಪತನಾನಂತರವೂ ಬೇಡಕುಲದ ನಾಯಕರು ತಲೆಯೆತ್ತಿದರು. ದಾದಯ್ಯ ನಾಯಕನಿಂದ ಹರಪನಹಳ್ಳಿಯ ಮನೆತನ ನೆಲೆನಿಂತಿತು. ಚಿತ್ರದುರ್ಗ, ಗುಡೇಕೋಟೆ, ಜರಿಮಲೆಗಳಲ್ಲಿಯೂ ಬೇಡನಾಯಕರ ಪಾಳೆಯಪಟ್ಟುಗಳಿದ್ದವು. ಕೋಟೆ ಕಟ್ಟಿ, ಕೆರೆ ಕಟ್ಟಿ, ದತ್ತಿ ಬಿಟ್ಟವರ ಕುಲನಾಮ ಬೇಡ. ಇದರ ಎದುರಿನಲ್ಲಿ ‘ಬೇಡ: ಕಾಡಿನಲ್ಲಿ ವಾಸಿಸುವ ಕ್ರೂರಜಾತಿ’ ಎಂಬ ಕೋಶವಾಕ್ಯ ಈ ನಾಡಿನ ಇತಿಹಾಸವನ್ನೇ ಅಳಿಸುತ್ತದೆ.

ಕುಲದ ಒಳಗೂ ಏಕರೂಪತೆಯಿಲ್ಲ. ಊರುಬೇಡರು, ಮ್ಯಾಸಬೇಡರು ಎಂಬ ವಿಭಾಗ ಪ್ರಸಿದ್ಧ. ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆಗಳ ಕಡೆಯ ಮ್ಯಾಸಬೇಡರು ಹಟ್ಟಿಗಳಲ್ಲಿದ್ದು ದೇವರ ಎತ್ತುಗಳನ್ನು ಪೋಷಿಸುವ ಪಶುಪಾಲಕರು. ಕೋಳಿ, ಹಂದಿಗಳ ಮಾಂಸವನ್ನು ವರ್ಜಿಸುವ ಕಟ್ಟಳೆ ಅವರದು. ಖದಿರಸಾರನ ಕಥೆಯನ್ನು ಬಲ್ಲವರಿಗೆ ಇದನ್ನು ನೋಡಿ ಜೈನಪ್ರಭಾವವನ್ನು ಊಹಿಸುವ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಅಡಗಿಸಬೇಕು. ಅವರ ವರ್ಜನೆಗೆ ಅವರದೇ ದೈವಗಳೂ ಅವರದೇ ಕಾರಣಗಳೂ ಇವೆ. ಗ್ರಂಥದ ಕಿರಾತನನ್ನು ಇವರ ಮೇಲೆ ಹೇರುವುದು ಎಷ್ಟು ತಪ್ಪೋ, ಇವರ ಸದಾಚಾರವನ್ನು ಗ್ರಂಥಕ್ಕೆ ಸೇರಿಸಿಕೊಳ್ಳುವುದೂ ಅಷ್ಟೇ ತಪ್ಪು.

ಆಧುನಿಕ ಕಾಲದಲ್ಲಿ ಹೆಸರು ಮತ್ತೆ ಚಲಿಸಿದೆ. ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರುವವರೆಗೆ ಈ ಸೀಮೆ ಮದ್ರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿಯ ದಾಖಲೆಗಳಲ್ಲಿ ತೆಲುಗಿನ ‘ಬೋಯ’ ಪ್ರಧಾನ; ಮೈಸೂರಿನ ದಾಖಲೆಗಳಲ್ಲಿ ‘ಬೇಡ’. ಗಡಿಗೆರೆಯೊಂದು ಒಂದೇ ಬಳಗಕ್ಕೆ ಎರಡು ಹೆಸರು ಕೊಟ್ಟಿತು. ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ನಾಯಕಡ, ನಾಯಕ’ ಎಂಬ ನಮೂದು ಮುಂಬಯಿ ಪ್ರಾಂತ್ಯದಿಂದ ಬಂದುದು; ಚೋಳಿವಾಲ, ಕಪಾಡಿಯ, ಮೋಟಾ, ನಾನಾ ಎಂಬ ಅದರ ಒಳಭೇದಗಳು ಗುಜರಾತಿನ ಕಡೆಯವು. ಆ ನಮೂದಿಗೆ ೧೯೯೧ರ ತಿದ್ದುಪಡಿ ಕಾಯಿದೆಯಿಂದ ನಾಯ್ಕ, ನಾಯಕ, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಸೇರಿದವು. ೨೦೨೦ರಲ್ಲಿ ಪರಿವಾರ, ತಳವಾರ ಸೇರಿದವು. ಉತ್ತರಭಾರತದಲ್ಲಿ ವಾಲ್ಮೀಕಿ ಎಂಬುದು ಪರಿಶಿಷ್ಟ ಜಾತಿಯೊಂದರ ಹೆಸರು; ಇಲ್ಲಿ ಪರಿಶಿಷ್ಟ ಪಂಗಡದ್ದು. ರಾಮಾಯಣದ ಆರಂಭದಲ್ಲಿ ಕ್ರೌಂಚವನ್ನು ಕೊಂದ ನಿಷಾದನನ್ನು ವಾಲ್ಮೀಕಿ ಶಪಿಸುತ್ತಾನೆ. ಜನಪ್ರಿಯ ಪರಂಪರೆಯಲ್ಲಾದರೋ ವಾಲ್ಮೀಕಿಯೇ ಬೇಡ. ಅವನನ್ನು ತಿದ್ದಿದವನು ನಾರದ. ಆ ನಾರದನ ಗುಡಿಯುಳ್ಳ ಚಿಗಟೇರಿಯ ಸೀಮೆಯಲ್ಲಿ ಬೇಡನಾಯಕರು ಇಂದು ವಾಲ್ಮೀಕಿಯ ಹೆಸರನ್ನು ಗೌರವದಿಂದ ಧರಿಸಿದ್ದಾರೆ. ಹೊರಗಿನವರು ಇಟ್ಟ ಹೆಸರನ್ನು ಬಿಟ್ಟು ತಮಗೆ ಬೇಕಾದ ಹೆಸರನ್ನು ಜನರೇ ಆರಿಸಿಕೊಳ್ಳುವುದು ಶಬ್ದೇತಿಹಾಸದ ಬಹುಮುಖ್ಯ ಘಟ್ಟ.

೬

ಹಾಗಾದರೆ ಕಿರಾತಾದಿ ಶಬ್ದಗಳಿಗೆ ‘ಆದಿವಾಸಿ’ ಎಂದು ಅರ್ಥ ಬರೆದರೆ ಸಾಲದೇ ಎಂದು ಕೇಳಬಹುದು. ಸಾಲದು. ಆದಿವಾಸಿ ಎಂಬುದು ಇಪ್ಪತ್ತನೆಯ ಶತಮಾನದ ರಾಜಕೀಯ ಜಾಗೃತಿಯಲ್ಲಿ ಹುರಿಗೊಂಡ ಶಬ್ದ. ೧೯೩೮ರಲ್ಲಿ ಛೋಟಾನಾಗಪುರದಲ್ಲಿ ಆದಿವಾಸಿ ಮಹಾಸಭೆ ಸ್ಥಾಪಿತವಾಯಿತು. ಅದರ ನಾಯಕರಾದ ಜೈಪಾಲ್ ಸಿಂಗ್ ಅವರು ಸಂವಿಧಾನರಚನಾಸಭೆಯಲ್ಲಿ ‘ವನಜಾತಿ’ ಎಂಬ ಅನುವಾದವನ್ನು ವಿರೋಧಿಸಿ ಆದಿವಾಸಿ ಶಬ್ದಕ್ಕಾಗಿ ವಾದಿಸಿದರು. ವನಜಾತಿ, ಗಿರಿಜನ ಎಂದರೆ ವಾಸಸ್ಥಾನದ ಹೆಸರು. ಬುಡಕಟ್ಟು ಎಂದರೆ ರಕ್ತಸಂಬಂಧದ ಕಟ್ಟು. ಆದಿವಾಸಿ ಎಂದರೆ ಕಾಲದ ಮೊದಲಿಗತನ. ಪರಿಶಿಷ್ಟ ಪಂಗಡ ಎಂದರೆ ಕಾನೂನಿನ ಪಟ್ಟಿ. ಮೂಲನಿವಾಸಿಗಳ ಹಕ್ಕುಗಳ ಕುರಿತು ವಿಶ್ವಸಂಸ್ಥೆ ೨೦೦೭ರಲ್ಲಿ ಮಾಡಿದ ಘೋಷಣೆಗೆ ಭಾರತವೂ ಮತ ನೀಡಿತು. ಇವೆಲ್ಲ ಹಕ್ಕಿನ ಭಾಷೆಯ ಶಬ್ದಗಳು. ನಮ್ಮ ಪುರಾಣಗಳ ಶಬ್ದಗಳು ಹಕ್ಕನ್ನಾಗಲಿ ಮೊದಲಿಗತನವನ್ನಾಗಲಿ ಹೇಳುವುದಿಲ್ಲ. ನಮ್ಮ ಸೃಷ್ಟಿಕ್ರಮದಲ್ಲಿ ಆದಿಯಲ್ಲಿದ್ದುದು ಭೋಗಭೂಮಿ. ಅಲ್ಲಿ ಜಾತಿಯೂ ಇಲ್ಲ, ಆರ್ಯಮ್ಲೇಚ್ಛರೆಂಬ ಎಣಿಕೆಯೂ ಇಲ್ಲ. ಅಸಿ, ಮಸಿ, ಕೃಷಿಗಳ ವಿಭಾಗ ಬಂದದ್ದು ವೃಷಭನಾಥನ ಕಾಲದ ಕರ್ಮಭೂಮಿಯಲ್ಲಿ. ಆದಿ ಎಂಬುದು ಎಲ್ಲರಿಗೂ ಒಂದೇ.

ನಮ್ಮ ಗ್ರಂಥಗಳು ಈ ವಿಷಯದಲ್ಲಿ ನಿರ್ದೋಷವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಹಿಂಸೆಗೆ ಉಪಮಾನ ಬೇಕಾದಾಗ ಕವಿಗಳು ಬೇಡನನ್ನು ತಂದಿದ್ದಾರೆ. ಕಪ್ಪುಮೈ, ಕೆಂಗಣ್ಣುಗಳನ್ನು ವರ್ಣಿಸಿದ್ದಾರೆ. ದಾಸಿಯರ ಪಟ್ಟಿಯಲ್ಲಿ ಕಿರಾತಿಯನ್ನು ನಿಸ್ಸಂಕೋಚವಾಗಿ ಎಣಿಸಿದ್ದಾರೆ. ಇದನ್ನು ಮರೆಮಾಡಿ ಪಾಠವನ್ನು ತಿದ್ದುವುದು ಸಂಪಾದನೆಯಲ್ಲ. ಆದರೆ ಅದೇ ಪರಂಪರೆಯಲ್ಲಿ ಪುನ್ನಾಟ ಸಂಘದ ಜಿನಸೇನರು ಶಕ ೭೦೫ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ, ಸಿದ್ಧಕೂಟದ ಜಿನಾಲಯದ ಕಂಬಗಳನ್ನು ಒರಗಿ ಕುಳಿತ ವಿದ್ಯಾಧರರ ಸಮೂಹದಲ್ಲಿ ಮಾತಂಗರನ್ನೂ ಶ್ವಪಾಕಿಗಳನ್ನೂ ಪಾರ್ವತೇಯರನ್ನೂ ಹೆಸರಿಸಿ ತೋರಿಸುತ್ತಾರೆ. ಸಮ್ಯಗ್ದರ್ಶನವುಳ್ಳ ಮಾತಂಗಜನೂ ಬೂದಿ ಮುಚ್ಚಿದ ಕೆಂಡದಂತೆ ಎಂಬ ಭಾವವನ್ನು ಸಮಂತಭದ್ರರು ರತ್ನಕರಂಡಕದಲ್ಲಿ ಹೇಳಿದ್ದಾರೆ. ಎರಡೂ ಧ್ವನಿಗಳು ಇವೆ. ಎರಡನ್ನೂ ಓದುಗನಿಗೆ ಕೇಳಿಸುವುದು ಸಂಪಾದಕನ ಧರ್ಮ.

ಈ ದೃಷ್ಟಿಯಿಂದ ಹಸ್ತಪ್ರತಿಗಳ ಸಂಪಾದನೆಯಲ್ಲಿಯೂ ಸೂಚಿಪತ್ರಗಳಲ್ಲಿಯೂ ಕೆಲವು ಕ್ರಮಗಳನ್ನು ಪಾಲಿಸುವುದು ಯುಕ್ತವೆಂದು ತೋರುತ್ತದೆ. ಪ್ರತಿಯಲ್ಲಿ ಯಾವ ಶಬ್ದವಿದೆಯೋ ಅದನ್ನೇ ಉಳಿಸಬೇಕು. ಚಿಲಾತವನ್ನು ಕಿರಾತವೆಂದು ‘ಶುದ್ಧಿ’ಗೊಳಿಸಬಾರದು. ಅರ್ಥಕೋಶದಲ್ಲಿ ಆ ಗ್ರಂಥದ ಆ ಸಂದರ್ಭದಲ್ಲಿ ಅದು ವೃತ್ತಿಯೋ, ಜನವೋ, ದೇಶವೋ, ಆಚಾರವೋ, ವ್ಯಕ್ತಿನಾಮವೋ ಎಂಬುದನ್ನು ಹೇಳಬೇಕು. ಇಂದಿನ ಯಾವುದೇ ಸಮುದಾಯದ ಹೆಸರಿನಿಂದ ಹಳೆಯ ಶಬ್ದವನ್ನು ವಿವರಿಸಬಾರದು. ಪದ್ಯಪ್ರಯೋಗವಾದರೆ ಪ್ರಾಸದ ಒತ್ತಾಯವನ್ನು ಸೂಚಿಸಬೇಕು. ಭಾಷಾಂತರದಲ್ಲಿ ವ್ಯಾಧನು ಬೇಟೆಗಾರನಾಗಲಿ. ಕಿರಾತನು ಕಿರಾತನಾಗಿಯೇ ಇರಲಿ.

ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, ೨೦೧೮ರಲ್ಲಿ ಮತ್ತೆ ಬಳ್ಳಾರಿಗೆ, ೨೦೨೧ರಲ್ಲಿ ಹೊಸದಾಗಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿತು. ಊರುಗಳು ಅಲ್ಲಿಯೇ ಇದ್ದವು. ಮೇಲಿನ ಹೆಸರು ಮಾತ್ರ ಬದಲಾಯಿತು. ಜನರ ಹೆಸರುಗಳ ಪಾಡೂ ಹೀಗೆಯೇ. ಬಾಣವನ್ನು ಕೆಳಗಿಟ್ಟ ಕ್ಷಣದಿಂದ ಪುರೂರವನು ವ್ಯಾಧನಲ್ಲ. ಅಂದು ಮುನಿಯು ಬಿಡಿಸಿದ ಹೆಸರನ್ನು ಇಂದು ಕೋಶದ ಮೂಲಕ ನಾವು ಮತ್ತೆ ಯಾರಿಗೂ ಅಂಟಿಸದಿರೋಣ. ಈ ವಿಚಾರಗಳನ್ನು ವಿದ್ವಾಂಸರ ಪರಿಶೀಲನೆಗೆ ವಿನಯದಿಂದ ಒಪ್ಪಿಸುತ್ತೇನೆ.